ಹಳೆಯ ಮೀಡಿಯಂ ಬೋರ್ ಟ್ರಾಂಬೋನ್ ತೆಗೆದುಕೊಳ್ಳಬಹುದಾ? ಊದಿದವರು ಹೇಳಿ

ವಿರಾಜಪೇಟೆಯಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಚರ್ಚ್ ಬ್ಯಾಂಡ್‌ನಲ್ಲಿ ಮೀರತ್‌ನಲ್ಲಿ ಮಾಡಿದ ಸಣ್ಣ ಬೋರ್‌ನ (ಕೊಳವೆಯ ಒಳಗಿನ ಅಗಲ ಕಡಿಮೆ ಇರುವ) ಟ್ರಾಂಬೋನ್ ಊದುತ್ತಿದ್ದೇನೆ. ಸೇನೆಯ ಬ್ಯಾಂಡ್‌ನಲ್ಲಿದ್ದು ನಿವೃತ್ತರಾದ ನಮ್ಮ ಮಾವ ಒಬ್ಬರು ತಮ್ಮ ಮೀಡಿಯಂ ಬೋರ್‌ನ ಕಿಂಗ್ 3ಬಿ ಟ್ರಾಂಬೋನ್ ಕೊಡುತ್ತೇನೆ ಅಂದಿದ್ದಾರೆ. ಬೆಲ್ (ವಾದ್ಯದ ಅಗಲವಾದ ಬಾಯಿ) ಮೇಲೆ ಎಚ್.ಎನ್. ವೈಟ್, ಕ್ಲೀವ್‌ಲ್ಯಾಂಡ್ ಎಂದು ಕೆತ್ತಿದೆ. ನನಗೆ ಕ್ರಿಸ್ಮಸ್ ಹಾಡುಗಳಿಗೂ ಬೇಕು, ಬೀದಿಯ ಮೆರವಣಿಗೆಗೂ ಬೇಕು. ಊದಲು ಹೇಗಿರುತ್ತದೆ? ಅಥವಾ ದೊಡ್ಡ ಬೋರ್‌ನದ್ದು ಸಿಗುವವರೆಗೆ ಕಾಯಲಾ?

ಮಡಿಕೇರಿಯಿಂದ:
ನಾನು ಊದುವುದೂ ಅದೇ ಕಾಲದ 3ಬಿ. ಕಿಂಗ್ ವಾದ್ಯಗಳನ್ನು ಮಾಡುತ್ತಿದ್ದ ಎಚ್.ಎನ್. ವೈಟ್ ಕಂಪನಿಯನ್ನು ವೈಟ್ ಮನೆಯವರು ಮಾರಿದ್ದು 1965ರಲ್ಲಿ. ಹಾಗಾಗಿ ಆ ಕೆತ್ತನೆ ಇದ್ದರೆ ವಾದ್ಯಕ್ಕೆ ಅರವತ್ತು ವರ್ಷದ ಹತ್ತಿರ ಅಥವಾ ಅದಕ್ಕಿಂತ ಜಾಸ್ತಿ ವಯಸ್ಸು.

ಅದರ ಬೋರ್ 0.508 ಇಂಚು, ಅಂದರೆ 12.9 ಮಿಲಿಮೀಟರ್. ಆರ್ಕೆಸ್ಟ್ರಾದವರು ಹಿಡಿಯುವ ದೊಡ್ಡ ಬೋರ್‌ನ ಟ್ರಾಂಬೋನ್‌ಗಳಾದ ಬಾಕ್ 42, ಕಾನ್ 88ಎಚ್ ಇವುಗಳದ್ದು 0.547 ಇಂಚು, ಹತ್ತಿರಹತ್ತಿರ 13.9 ಮಿಲಿಮೀಟರ್. ಬರೀ ಒಂದು ಮಿಲಿಮೀಟರ್ ವ್ಯತ್ಯಾಸ ಅಲ್ವಾ ಅನಿಸುತ್ತದೆ. ಊದಿದರೆ ಎರಡೂ ಬೇರೆಬೇರೆ ವಾದ್ಯಗಳು.

3ಬಿಯಲ್ಲಿ ನಾಲಿಗೆ ಸರಿದ ಕ್ಷಣಕ್ಕೆ ಸ್ವರ ನಿಂತಿರುತ್ತದೆ. ದೊಡ್ಡ ಬೋರ್‌ಗೆ ಮೊದಲು ಉಸಿರು ತುಂಬಿಸಬೇಕು, ಆಮೇಲೆ ಅದು ಮಾತಾಡುತ್ತದೆ. ಇದಕ್ಕೆ ಅಷ್ಟು ಗಾಳಿ ಬೇಡ. ಉದ್ದದ ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸಬಹುದು. ಪ್ರತಿ ಸ್ವರವೂ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೇಲಿನ ಸ್ವರಗಳಲ್ಲಿ ಈ ಗುಣ ಬಹಳ ಸಹಾಯ ಮಾಡುತ್ತದೆ. ಆದರೆ ತುಟಿಯಿಂದ ಸ್ವರವನ್ನು ಆಚೀಚೆ ಎಳೆಯಲು ಅಷ್ಟು ಬಿಡುವುದಿಲ್ಲ. ಶ್ರುತಿ ಸರಿಮಾಡಬೇಕಾದರೆ ಸ್ಲೈಡ್ (ಹಿಂದೆಮುಂದೆ ಜಾರುವ ಕೊಳವೆ) ಹಿಡಿದ ಕೈಯಿಂದಲೇ ಮಾಡಬೇಕು. ಎರಡನೇ ಪೊಸಿಷನ್‌ನಲ್ಲಿ (ಪೊಸಿಷನ್ ಅಂದರೆ ಸ್ಲೈಡ್ ನಿಲ್ಲಿಸುವ ಜಾಗ) ಬರುವ ಮೇಲಿನ ಜಿ ಸ್ವರದ ಶ್ರುತಿ ಯಾವ ಟ್ರಾಂಬೋನ್‌ನಲ್ಲೂ ಇಳಿದೇ ಇರುತ್ತದೆ. ಅಲ್ಲಿ ಕೈ ಸ್ವಲ್ಪ ಒಳಗೆ ಬರಬೇಕು.

ಮೆಲ್ಲಗೆ ಊದಿದರೆ ದನಿ ದುಂಡಗೆ ಇರುತ್ತದೆ. ಜೋರು ಮಾಡಿದಂತೆ ಅಂಚು ಬರುತ್ತದೆ. ಟ್ರಾಂಬೋನ್ ಕೊಳವೆಯಲ್ಲಿ ಜೋರು ಸ್ವರದ ಅಲೆ ಸಾಗುತ್ತಾ ಸಾಗುತ್ತಾ ಕಡಿದಾಗಿ ಶಾಕ್ ವೇವ್ (ಒತ್ತಡ ಒಮ್ಮೆಲೇ ಏರುವ ಅಲೆ) ಆಗುತ್ತದೆ. ಇದನ್ನು ವಿಜ್ಞಾನಿ ಹಿರ್ಷ್‌ಬರ್ಗ್ ಮತ್ತು ಅವರ ಜೊತೆಯವರು 1996ರಲ್ಲಿ ಅಳೆದು ತೋರಿಸಿದರು. ಬೋರ್ ಕಿರಿದಾದಷ್ಟೂ ಆ ಮೊನಚು ಬೇಗ ಬರುತ್ತದೆ. ಮೆರವಣಿಗೆಯಲ್ಲಿ ಇದು ವರ. ತಮಟೆ, ಡ್ರಮ್‌ಗಳ ನಡುವೆಯೂ ಕೇಳುತ್ತದೆ. ಚರ್ಚ್‌ನೊಳಗೆ ಮಾತ್ರ ಕೈ ಬಿಗಿಹಿಡಿದು ಊದಬೇಕು. ಕೋರಸ್ ಹಿಂದೆ ನಿಂತು ಪೂರ್ತಿ ಜೋರು ಮಾಡಿದರೆ ಹಾಡುವವರ ದನಿ ಮುಚ್ಚಿಹೋಗುತ್ತದೆ. ನಾನು ಅರ್ಧ ಜೋರಿನ ಒಳಗೇ ಇರುತ್ತೇನೆ. ಅಲ್ಲೇ ಈ ವಾದ್ಯದ ಅತಿ ಚೆಂದದ ದನಿ ಇರುವುದು. ಜಾಜ್‌ನ ಜೆ.ಜೆ. ಜಾನ್ಸನ್ ಊದಿದ್ದೂ 3ಬಿ. ಅವರ ರೆಕಾರ್ಡಿಂಗ್ ಕೇಳಿ, ಸ್ವರಗಳು ಎಷ್ಟು ಬಿಡಿಬಿಡಿಯಾಗಿ ಬರುತ್ತವೆ ನೋಡಿ.

ಕೆಳಗಿನ ಸ್ವರಗಳಲ್ಲಿ ದೊಡ್ಡ ಬೋರ್‌ನ ಅಗಲ ಸಿಗುವುದಿಲ್ಲ. ಬೇಸ್ ಸಾಲು ಊದುವವರಾದರೆ ಇದು ಬೇಡ. ನಿಮ್ಮ ಕೆಲಸಕ್ಕೆ ದೊಡ್ಡ ಬೋರ್ ಕಾಯುವ ಅಗತ್ಯ ಕಾಣುವುದಿಲ್ಲ.

ಕುಶಾಲನಗರದಿಂದ:
ತಮ್ಮಾ, ನಾನೂ ಸೇನಾ ಬ್ಯಾಂಡ್‌ನವನೇ. ದನಿಯ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಸ್ಲೈಡ್ ಬಗ್ಗೆ ಮಾತ್ರ ಹೇಳುತ್ತೇನೆ. ಸ್ಲೈಡ್ ಕೆಟ್ಟಿದ್ದರೆ ಎಂಥಾ ಬೋರ್ ಇದ್ದರೂ ಊದಲು ಹಿಂಸೆ.

ಸ್ಲೈಡನ್ನು ಬೆಲ್‌ನಿಂದ ಬಿಚ್ಚಿ ನೇರವಾಗಿ ಹಿಡಿ. ಮೇಲಿನ ಎರಡೂ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹೊರ ಸ್ಲೈಡನ್ನು ಬಿಡು, ಕೆಳಗೆ ಒಂದು ಕೈ ಇರಲಿ. ಮೆಲ್ಲಗೆ ಇಳಿದರೆ ಗಾಳಿ ಸೋರುತ್ತಿಲ್ಲ. ದಡಕ್ಕನೆ ಬಿದ್ದರೆ ಕೊಳವೆಯಲ್ಲೋ, ನೀರು ಹೊರಬಿಡುವ ವಾಟರ್ ಕೀಯ ಕಾರ್ಕ್‌ನಲ್ಲೋ ಸೋರಿಕೆ ಇದೆ. ಆಮೇಲೆ ಹೊರ ಸ್ಲೈಡ್ ತೆಗೆದು ಅದರ ಒಂದೊಂದು ಕಾಲನ್ನೇ (ಉದ್ದ ಕೊಳವೆಯನ್ನೇ) ಒಳಕೊಳವೆಗೆ ಹಾಕಿ ಆಡಿಸು, ಎಲ್ಲೂ ಹಿಡಿಯಬಾರದು. ಕೊನೆಗೆ ಒಳಕೊಳವೆಯ ತುದಿ ನೋಡು. ಅಲ್ಲಿ ಸ್ಟಾಕಿಂಗ್ ಅಂತ ತುಸು ದಪ್ಪದ ಭಾಗ ಇರುತ್ತದೆ. ಅದರ ಮೇಲಿನ ಕ್ರೋಮ್ ಸವೆದು ಎದ್ದುಹೋಗಿದ್ದರೆ ತೆಗೆದುಕೊಳ್ಳಬೇಡ.

ಸೋಮವಾರಪೇಟೆಯಿಂದ:
ಶಾಲೆಯ ಬ್ಯಾಂಡ್‌ಗೆ ಕಲಿಸುತ್ತೇನೆ. ತುಟಿ ಇಟ್ಟು ಊದುವ ಮೌತ್‌ಪೀಸ್ ವಿಚಾರ ಯಾರೂ ಹೇಳಲಿಲ್ಲ. 3ಬಿಗೆ ಸಣ್ಣ ಶ್ಯಾಂಕ್‌ನ (ಶ್ಯಾಂಕ್ ಅಂದರೆ ವಾದ್ಯದೊಳಗೆ ಕೂರುವ ಹಿಂಭಾಗ) ಮೌತ್‌ಪೀಸೇ ಆಗಬೇಕು. ದೊಡ್ಡ ಶ್ಯಾಂಕ್ ಒಳಗೆ ಹೋಗುವುದಿಲ್ಲ. ಬಾಕ್ 12ಸಿ ಮೌತ್‌ಪೀಸ್ ಬಳಸುತ್ತಿದ್ದರೆ ಒಮ್ಮೆ 6½ಎಎಲ್ ಹಾಕಿ ನೋಡಿ. ಅದರ ಬಟ್ಟಲು ಆಳ, ರಿಮ್ (ತುಟಿ ಕೂರುವ ಅಂಚು) ಒಳಗಿನ ಅಗಲ ಸುಮಾರು 25.4 ಮಿಲಿಮೀಟರ್. ದನಿ ಅಗಲವಾಗುತ್ತದೆ, ಚರ್ಚ್ ಹಾಡುಗಳಿಗೆ ತುಂಬಾ ಹೊಂದುತ್ತದೆ. ಮೆರವಣಿಗೆಗೆ ಹಳೆಯದನ್ನೇ ಹಾಕಿಕೊಳ್ಳಿ. ಹಾಕಿದ ಮೇಲೆ ಅಲುಗಾಡಬಾರದು. ಅಲುಗಾಡಿದರೆ ಸ್ವರ ತಡವಾಗಿ ಬರುತ್ತದೆ, ನೀವು ಸುಮ್ನೆ ವಾದ್ಯವನ್ನು ಬೈಯುತ್ತೀರಿ.

ಗೋಣಿಕೊಪ್ಪದಿಂದ:
ನಮ್ಮ ಮಳೆಯನ್ನು ಮರೆಯಬೇಡಿ. ಜೂನ್‌ನಿಂದ ಕೇಸ್‌ನೊಳಗಿನ ಬಟ್ಟೆಗೆ ಬೂಸ್ಟು ಬರುತ್ತದೆ. ಊದಿದ ಮೇಲೆ ಒಳಗಿನ ನೀರು ಪೂರ್ತಿ ತೆಗೆದು, ಒರೆಸಿ, ಕೇಸನ್ನು ಸ್ವಲ್ಪ ಹೊತ್ತು ತೆರೆದಿಡಿ. ಶ್ರುತಿ ಸೇರಿಸುವ ಟ್ಯೂನಿಂಗ್ ಸ್ಲೈಡ್‌ನ ಬಾಗಿನಲ್ಲಿ ಗುಲಾಬಿ ಬಣ್ಣದ ಚುಕ್ಕೆ ಇದೆಯಾ ನೋಡಿ. ಹಿತ್ತಾಳೆಯಲ್ಲಿನ ಸತು ಹೊರಟುಹೋಗಿ ತಾಮ್ರ ಉಳಿದ ಗುರುತು ಅದು. ಒಂದೆರಡು ಇದ್ದರೆ ನಡೆಯುತ್ತದೆ, ತುಂಬಾ ಇದ್ದರೆ ಲೋಹ ತೂತಾಗುವ ಹಂತದಲ್ಲಿರುತ್ತದೆ. ಸ್ಲೈಡ್‌ಗೆ ತೆಂಗಿನ ಎಣ್ಣೆ ಹಾಕುವವರಿದ್ದಾರೆ, ದಯವಿಟ್ಟು ಬೇಡ. ನಮ್ಮ ಚಳಿಗೆ ಅದು ಗಟ್ಟಿಯಾಗುತ್ತದೆ. ಸ್ಲೈಡ್ ಕ್ರೀಮ್, ಮೇಲೆ ನೀರಿನ ಸ್ಪ್ರೇ ಸಾಕು.

ಡಿಸೆಂಬರ್ ರಾತ್ರಿಯ ಪೂಜೆಗೆ ಶ್ರುತಿಯೂ ಇಳಿಯುತ್ತದೆ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಸುಮಾರು 3 ಸೆಂಟ್ ಇಳಿಕೆ. ಹತ್ತು ಡಿಗ್ರಿಗೆ 30 ಸೆಂಟ್, ಅಂದರೆ ಅರ್ಧಸ್ವರದ ಮೂರನೇ ಒಂದು ಭಾಗದಷ್ಟು. ಶ್ರುತಿ ಸೇರಿಸುವ ಮೊದಲು ಸ್ವರ ಇಲ್ಲದೆ ಬರೀ ಬಿಸಿಯುಸಿರು ಊದಿ.

ವಿರಾಜಪೇಟೆಯಿಂದ ಮತ್ತೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾವನ ಮನೆಗೆ ಹೋಗಿ ಎಲ್ಲಾ ನೋಡಿದೆ. ಗಾಳಿ ಸೋರುತ್ತಿಲ್ಲ, ಕ್ರೋಮ್ ಚೆನ್ನಾಗಿದೆ, ಗುಲಾಬಿ ಚುಕ್ಕೆ ಕಾಣಲಿಲ್ಲ. ಒಂದೊಂದೇ ಕಾಲು ಹಾಕಿದರೆ ಸಲೀಸಾಗಿ ಓಡುತ್ತದೆ. ಎರಡೂ ಹಾಕಿದರೆ ನಾಲ್ಕನೇ ಪೊಸಿಷನ್ ದಾಟಿದ ಮೇಲೆ ಹಿಡಿಯುತ್ತದೆ. ಬಿಟ್ಟುಬಿಡಲಾ?

ಕುಶಾಲನಗರದಿಂದ:
ಬಿಡಬೇಡ ತಮ್ಮಾ. ಕಾಲುಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ, ಅಷ್ಟೇ. ಅವನ್ನು ಸೇರಿಸುವ ಅಡ್ಡಪಟ್ಟಿಯ ಬೆಸುಗೆ ಬಿಡಿಸಿ, ನೇರ ಮಾಡಿ, ಮತ್ತೆ ಬೆಸೆದರೆ ಸರಿಯಾಗುತ್ತದೆ. ಮನೆಯಲ್ಲಿ ಕೈಯಿಂದ ಬಗ್ಗಿಸಲು ಹೋಗಬೇಡ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬ್ರಾಸ್ ವಾದ್ಯ ರಿಪೇರಿ ಮಾಡುವವರಿಗೇ ಕೊಡು. ಖರ್ಚು ಎಷ್ಟು ಅಂತ ಮೊದಲೇ ಕೇಳಿಕೊಂಡು, ಮಾವನ ಹತ್ತಿರ ಅದನ್ನು ಹೇಳಿಯೇ ಬೆಲೆ ಮಾತಾಡು.