ಎಡ ಮೆದುಳು, ಬಲ ಮೆದುಳು, ನಡುವೆ ಮೃದಂಗ

ದೊಡ್ಡಪ್ಪ: (ಫಾರ್ವರ್ಡ್ ಆದ ಚಿತ್ರ) ‘ಎಡ ಮೆದುಳು: ಲೆಕ್ಕ, ವಿಜ್ಞಾನ. ಬಲ ಮೆದುಳು: ಸಂಗೀತ, ಕಲ್ಪನೆ. ನಿಮ್ಮ ಮಗುವಿನದು ಯಾವುದು?’
ನಮ್ಮ ಪುಟ್ಟನದು ಎಡವೇ. ಪಿಯುಸಿ ಮುಗಿಯುವವರೆಗೆ ಮೃದಂಗ ಅಟ್ಟಕ್ಕೇರಲಿ.

ಅಕ್ಕ: ದೊಡ್ಡಪ್ಪ, ದಯವಿಟ್ಟು ಇದನ್ನು ಇನ್ನೊಂದು ಗುಂಪಿಗೆ ಕಳುಹಿಸಬೇಡಿ. ಈ ಮಾತಿಗೆ ಎಲ್ಲರೂ ಹೆಸರು ಹೇಳುವ ಮೆದುಳು ವಿಜ್ಞಾನಿ ರೋಜರ್ ಸ್ಪೆರಿ ಅವರಿಗೆ 1981ರಲ್ಲಿ ನೊಬೆಲ್ ಬಂದದ್ದು ನಿಜ. ಆದರೆ ಅವರು ಪರೀಕ್ಷಿಸಿದ್ದು ಅಪಸ್ಮಾರದ ಚಿಕಿತ್ಸೆಗಾಗಿ ಮೆದುಳಿನ ಎರಡು ಅರ್ಧಗಳ ನಡುವಿನ ನರಗಳ ಸೇತುವೆಯನ್ನು ಕತ್ತರಿಸಿದ್ದ ರೋಗಿಗಳನ್ನು. ಪುಟ್ಟನ ಸೇತುವೆ ಗಟ್ಟಿಯಾಗಿಯೇ ಇದೆ.

ದೊಡ್ಡಪ್ಪ: ನೊಬೆಲ್ ಬಂದಿದೆ ಎಂದು ನೀನೇ ಒಪ್ಪಿದೆಯಲ್ಲ!

ಚಿಕ್ಕಪ್ಪ: ಮೃದಂಗದ ಗುಟ್ಟು ತಿಳಿಯಲು ಕೊನೆಗೆ ಸಿ.ವಿ. ರಾಮನ್ ಅವರೇ ಬೇಕಾಯಿತು. ವಿಜ್ಞಾನ ಮೊದಲು.

ಅಕ್ಕ: ಚಿಕ್ಕಪ್ಪ, ಲೆಕ್ಕ ತಲೆಕೆಳಗಾಯಿತು. ಬರೀ ಚರ್ಮವನ್ನು ಬಿಗಿದು ಬಾರಿಸಿದರೆ ಮೇಲಿನ ಕಂಪನಗಳು ಮೂಲದ 1.59 ಪಟ್ಟು, 2.14 ಪಟ್ಟು, ಹೀಗೆ ಅಡ್ಡಾದಿಡ್ಡಿ ಬೀಳುತ್ತವೆ. ಬರುವುದು ಸದ್ದು, ಸ್ವರವಲ್ಲ. ನಡುವೆ ಕರಣೆ, ಅಂದರೆ ಆ ಕಪ್ಪು ಲೇಪ, ಇದ್ದರೆ ಅವು ಸುಮಾರು 2, 3, 4, 5 ಪಟ್ಟಿಗೆ ಬಂದು ಕೂರುತ್ತವೆ. ರಾಮನ್ ಇದನ್ನು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ಇನ್ನೂ ವಿವರವಾಗಿ ಬರೆದರು. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಅದು ಎಲ್ಲೆಲ್ಲಿ ಗೆರೆಗಟ್ಟಿ ನಿಲ್ಲುತ್ತದೆ ಎಂದು ನೋಡಿದರು. ಅಷ್ಟು ಹೊತ್ತಿಗೆ ಮೃದಂಗ ಶತಮಾನಗಳಿಂದ ನುಡಿಯುತ್ತಿತ್ತು.

ಚಿಕ್ಕಪ್ಪ: ಮಾಡಿದವರಿಗೆ ಏಕೆ ಎಂದು ಗೊತ್ತಿತ್ತೇ? ಅಪ್ಪ ಮಾಡಿದ್ದನ್ನೇ ಮಗ ಮಾಡಿದ. ಅದು ರೂಢಿ, ಸೃಜನಶೀಲತೆ ಅಲ್ಲ.

ಮಾವ: ಒಮ್ಮೆ ಕರಣೆ ಹಾಕುವವರ ಪಕ್ಕದಲ್ಲಿ ಕುಳಿತು ನೋಡಿ. ಅನ್ನ ಮತ್ತು ಕಬ್ಬಿಣದಂಶದ ಕಲ್ಲಿನ ಪುಡಿ ಕಲಸಿದ ಚಿಕ್ಕ ಉಂಡೆ. ಹೆಬ್ಬೆರಳಿನಿಂದ ತೆಳ್ಳಗೆ ಹರಡಿ, ಒಣಗುವವರೆಗೆ ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ಬಾರಿಸಿ ಕೇಳುತ್ತಾರೆ. ಮತ್ತೆ ಒಂದು ಪದರ, ಮತ್ತೆ ಕಿವಿ. ನಡುವೆ ದಪ್ಪ, ಅಂಚಿಗೆ ತೆಳು. ಉಜ್ಜಿ ಉಜ್ಜಿ ಕರಣೆಯಲ್ಲಿ ಸಣ್ಣ ಬಿರುಕು ಎಬ್ಬಿಸದಿದ್ದರೆ ಚರ್ಮ ಅಲುಗುವುದೇ ಇಲ್ಲ. ಪ್ರತಿ ಚರ್ಮವೂ ಬೇರೆ; ರೂಢಿಯೊಂದರಿಂದಲೇ ಶ್ರುತಿ ಬರುವುದಿಲ್ಲ. ನಿಮ್ಮ ಪ್ರಯೋಗಾಲಯದಲ್ಲಿ ಇದಕ್ಕೆ ಏನೆನ್ನುತ್ತಾರೆ?

ಅಕ್ಕ: ಪ್ರಯೋಗ ಎಂದೇ ಅನ್ನುತ್ತೇವೆ, ಮಾವ.

ಚಿಕ್ಕಪ್ಪ: ಬರೆದಿಡದ ಪ್ರಯೋಗ.

ಮಾವ: ಬರೆದುಕೊಳ್ಳಲು ಯಾರಾದರೂ ಹೋಗಿ ಕೇಳಿದ್ದರೇ?

ದೊಡ್ಡಪ್ಪ: ವಿಷಯಕ್ಕೆ ಬನ್ನಿ. ರಾಮನ್ ಎಂ.ಎ. ಮುಗಿಸಿದ ಮೇಲೆ ತಾನೇ ಮೃದಂಗದ ಹಿಂದೆ ಬಿದ್ದದ್ದು? ಇವನೂ ಮುಗಿಸಲಿ.

ಪುಟ್ಟ: ದೊಡ್ಡಪ್ಪ, ಮರಳಿನ ಪ್ರಯೋಗವನ್ನೇ ಭೌತಶಾಸ್ತ್ರದ ಪ್ರಾಜೆಕ್ಟ್ ಮಾಡುತ್ತೇನೆ.

ಮಾವ: ನನ್ನ ಮೃದಂಗದ ಮೇಲೆ ಬೇಡ. ಹೊಸ ಮುಚ್ಚಿಗೆಯ (ಚರ್ಮದ ಹೊದಿಕೆಯ) ಖರ್ಚು ಎಷ್ಟೆಂದು ನಿನ್ನ ದೊಡ್ಡಪ್ಪನವರಿಗೆ ಕಳುಹಿಸುತ್ತೇನೆ.