ಪದಚರ್ಚೆ: ‘ನಾನ್-ಇನ್ಫೀರಿಯರ್’ ಅನ್ನುವುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ಹೃದಯ ಶಸ್ತ್ರಚಿಕಿತ್ಸೆಯ ಈಚಿನ ಅಧ್ಯಯನಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಕವಾಟ, ಮಹಾಪಧಮನಿ ಸಲೀಸಾಗಿ ಒದಗುತ್ತವೆ; ಬೈಪಾಸು, ಸ್ಟೆಂಟು ಹೇಗೂ ಮನೆಮಾತು. ತೊಡಕಾಗಿರುವುದು ‘ನಾನ್-ಇನ್ಫೀರಿಯರ್’.

ಸಂದರ್ಭ ಇದು. ಮಹಾಪಧಮನಿಯ ಕವಾಟ ಕಿರಿದಾದವರಿಗೆ ಮೊದಲು ಎದೆ ತೆರೆದೇ ಹೊಸ ಕವಾಟ ಹಾಕಬೇಕಿತ್ತು. 2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ರಕ್ತನಾಳದೊಳಗಿಂದ ಕವಾಟ ಸಾಗಿಸಿ ಕೂರಿಸಿದರು. ಅದೇ ಈಗಿನ ‘ಟಾವಿ’. ಶಸ್ತ್ರಚಿಕಿತ್ಸೆಯ ಅಪಾಯ ಕಡಿಮೆಯಿರುವ ರೋಗಿಗಳಲ್ಲಿ ಎರಡನ್ನೂ ಹೋಲಿಸಿದ ಇವೊಲ್ಯೂಟ್ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎರಡು ವರ್ಷದೊಳಗೆ ಸಾವು ಅಥವಾ ಅಂಗವೈಕಲ್ಯ ತರುವ ಪಾರ್ಶ್ವವಾಯು ಟಾವಿಯಲ್ಲಿ ಶೇ. 5.3, ಶಸ್ತ್ರಚಿಕಿತ್ಸೆಯಲ್ಲಿ ಶೇ. 6.7. ತೀರ್ಪು ಮಾತ್ರ ‘ಟಾವಿ ಮೇಲು’ ಎಂದಲ್ಲ, ‘ನಾನ್-ಇನ್ಫೀರಿಯರ್’ ಎಂದು. ಎದೆ ಕೊಯ್ಯುವುದು ತಪ್ಪುವುದಾದರೆ ಫಲಿತಾಂಶ ಇಷ್ಟರಮಟ್ಟಿಗೆ ಹಿಂದಾದರೂ ಸರಿ ಎಂದು ಮೊದಲೇ ಒಂದು ಗೆರೆ ಎಳೆದುಕೊಂಡಿರುತ್ತಾರೆ. ಹೊಸ ಚಿಕಿತ್ಸೆ ಆ ಗೆರೆಗಿಂತ ಹಿಂದೆ ಬಿದ್ದಿಲ್ಲ ಅನ್ನುವುದಷ್ಟೇ ಇಲ್ಲಿನ ಅರ್ಥ.

ಹಾಗಾಗಿ ‘ಸಮಾನ’, ‘ಸರಿಸಾಟಿ’ ಎಂದರೆ ಅರ್ಥವೇ ಕೆಡುತ್ತದೆ. ಪತ್ರಿಕೆಗಳಲ್ಲಿ ಬರೆಯುವವರು ಜಾರುವುದೇ ಇಲ್ಲಿ. ‘ಕೀಳಲ್ಲದ’ ಅಂದರೆ ಮೇಲು-ಕೀಳಿನ ವಾಸನೆ ಹೊಡೆಯುತ್ತದೆ. ‘ಕಡಿಮೆಯೇನಲ್ಲ’ ಕಿವಿಗೆ ಹಿತ, ಆದರೆ ‘ಅವನೇನು ಕಡಿಮೆಯಲ್ಲ ಬಿಡಿ’ ಅನ್ನುವಾಗ ನಾವು ಹೊಗಳುವುದಕ್ಕಿಂತ ಆಡಿಕೊಳ್ಳುವುದೇ ಹೆಚ್ಚಲ್ಲವೇ? ಸದ್ಯಕ್ಕೆ ನನ್ನ ಒಲವು ‘ಹಿಂದೆ ಬೀಳದ’ ಕಡೆಗೆ.

ಅದೂ ಫೇಮ್-3 ಅಧ್ಯಯನದ ಹತ್ತಿರ ಬಂದಾಗ ಮುಗ್ಗರಿಸುತ್ತದೆ. ಹೃದಯದ ಮೂರು ರಕ್ತನಾಳಗಳಲ್ಲೂ ಅಡಚಣೆಯಿದ್ದವರಿಗೆ ಸ್ಟೆಂಟೋ ಬೈಪಾಸೋ ಎಂಬ ಪ್ರಶ್ನೆ ಅದರದ್ದು. ಸಾವು, ಹೃದಯಾಘಾತ, ಪಾರ್ಶ್ವವಾಯು, ಮರುಚಿಕಿತ್ಸೆ ಇವೆಲ್ಲ ಸೇರಿ ಒಂದು ವರ್ಷದಲ್ಲಿ ಸ್ಟೆಂಟ್ ಗುಂಪಿನಲ್ಲಿ ಶೇ. 10.6, ಬೈಪಾಸ್ ಗುಂಪಿನಲ್ಲಿ ಶೇ. 6.9. ಸ್ಟೆಂಟ್ ‘ಹಿಂದೆ ಬೀಳದ’ ಚಿಕಿತ್ಸೆ ಎಂದು ಸಾಬೀತಾಗಲಿಲ್ಲ. ಓದುಗರು ಎರಡೆರಡು ನಕಾರ ದಾಟಿ ಬರಬೇಕು! ಇದನ್ನು ‘ಹಿಂದೆ ಬಿದ್ದಿತು’ ಎಂದು ಸರಳಗೊಳಿಸೋಣವೆಂದರೆ, ಸಾಬೀತಾಗದಿರುವುದು ಬೇರೆ, ಸೋತದ್ದು ಸಾಬೀತಾಗುವುದು ಬೇರೆ. ಇಲ್ಲಿ ಅಂಕಿಗಳು ಬೈಪಾಸ್ ಪರವಾಗಿಯೇ ಇವೆ, ಎಲ್ಲ ಅಧ್ಯಯನಗಳಲ್ಲೂ ಹಾಗಿರುವುದಿಲ್ಲ.

ಮೊದಲೇ ಎಳೆದ ಆ ಗೆರೆಗೆ ‘ಸಹ್ಯ ಅಂತರ’ ಎನ್ನಬಹುದೇ? ಸಂಖ್ಯಾಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಮಾಡಿದವರು ಇಲ್ಲಿದ್ದರೆ, ತರಗತಿಯಲ್ಲಿ ಬಾಯಿಗೆ ಬರುತ್ತಿದ್ದ ಮಾತು ಯಾವುದೆಂದು ದಯವಿಟ್ಟು ತಿಳಿಸಿ.