ಕಾಲು ಎಳೆದು ಹಿಗ್ಗಿಸುವ ವ್ಯಾಯಾಮದಿಂದ ಮಗುವಿನ ನಡಿಗೆ ಸುಧಾರಿಸುತ್ತದೆಯೇ? ಸಿ.ಪಿ. ಮಕ್ಕಳ ಮನೆಯವರ ಅನುಭವಗಳು

ಕೇಳಿದವರು: ಅರಸೀಕೆರೆ ಕಡೆಯ ಒಬ್ಬ ತಾಯಿ

ನನ್ನ ಮಗನಿಗೆ ನಾಲ್ಕೂವರೆ ವರ್ಷ. ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು. ಎರಡು ಕಾಲುಗಳಲ್ಲೂ ಸೆಟೆತವಿರುವ ಸೆರೆಬ್ರಲ್ ಪಾಲ್ಸಿ (ಸಿ.ಪಿ., ಮಿದುಳಿನ ಹಾನಿಯಿಂದ ಚಲನೆಗೆ ಬರುವ ತೊಂದರೆ), ಅಂದರೆ ಸ್ಪಾಸ್ಟಿಕ್ ಡೈಪ್ಲೀಜಿಯಾ ಎಂದು ವೈದ್ಯರು ಹೇಳಿದ್ದಾರೆ. ಗೋಡೆ ಹಿಡಿದು ತುದಿಗಾಲಿನಲ್ಲಿ ನಡೆಯುತ್ತಾನೆ, ಮೊಣಕಾಲುಗಳು ಒಂದಕ್ಕೊಂದು ಉಜ್ಜುತ್ತವೆ. ದಿನಕ್ಕೆ ಎರಡು ಸಲ, ಸಲಕ್ಕೆ ಇಪ್ಪತ್ತು ನಿಮಿಷ ಸ್ಟ್ರೆಚಿಂಗ್ ಮಾಡಿಸಬೇಕೆಂದು ತಿಳಿಸಿದ್ದಾರೆ. ಮಾಡಿಸುವಾಗ ಅವನು ತುಂಬಾ ಅಳುತ್ತಾನೆ. ಎಣ್ಣೆ ಹಚ್ಚಿ ಜೋರಾಗಿ ಎಳೆದರೆ ನರ ಸಡಿಲವಾಗುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಇದರಿಂದ ನಡಿಗೆ ನಿಜವಾಗಿಯೂ ಸುಧಾರಿಸುತ್ತದೆಯೇ, ಎಷ್ಟು ಮಾಡಬೇಕು, ಹೇಗೆ ಮಾಡಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ತುಮಕೂರಿನಿಂದ, ಹನ್ನೊಂದು ವರ್ಷದ ಹುಡುಗಿಯ ತಾಯಿ

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಏಳೆಂಟು ವರ್ಷಗಳ ಹಿಂದಿನ ನಮ್ಮ ಮನೆ ಕಣ್ಣಮುಂದೆ ಬಂದಿತು. ನನ್ನ ಮಗಳದೂ ಡೈಪ್ಲೀಜಿಯಾ. ಈಗ ಎರಡು ಊರುಗೋಲುಗಳ ಆಸರೆಯಲ್ಲಿ ಶಾಲೆಯೊಳಗೆ ತಾನೇ ಓಡಾಡುತ್ತಾಳೆ, ದೂರದ ದಾರಿಗೆ ಗಾಲಿಕುರ್ಚಿ ಬಳಸುತ್ತಾಳೆ. ಅವಳಿಗೆ ಮೂರು ವರ್ಷವಾದಾಗಿನಿಂದ ಎರಡೂವರೆ ವರ್ಷ, ಹಬ್ಬಹರಿದಿನವೆನ್ನದೆ, ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಅವಳ ಕಾಲುಗಳನ್ನು ಎಳೆದಿದ್ದೇನೆ. ಚಾಪೆ ಬಿಡಿಸುವ ಸದ್ದು ಕೇಳಿದರೆ ಸಾಕು, ತೆವಳಿಕೊಂಡು ಹೋಗಿ ಮಂಚದ ಕೆಳಗೆ ಸೇರಿಬಿಡುತ್ತಿದ್ದಳು. ಹಾಗೆ ಎಳೆದದ್ದರಿಂದ ಆ ಹೊತ್ತಿಗೆ ಕಾಲು ಹಗುರವಾಗುತ್ತಿದ್ದುದು ನಿಜ, ಆದರೆ ಊಟ ಮುಗಿಯುವಷ್ಟರಲ್ಲಿ ಮತ್ತೆ ಅದೇ ಬಿಗಿತ. ಆರನೆಯ ವಯಸ್ಸಿನಲ್ಲಿ ಒಮ್ಮೆಲೇ ಎತ್ತರ ಬೆಳೆದಾಗ ಪಾದ ಲಂಬ ಕೋನಕ್ಕೂ ಬಾಗದಂತಾಯಿತು. ಮೂಳೆ ಉದ್ದವಾದಷ್ಟು ವೇಗದಲ್ಲಿ ಸೆಟೆತವಿರುವ ಸ್ನಾಯು ಉದ್ದವಾಗುವುದಿಲ್ಲ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದು ಮಕ್ಕಳ ಮೂಳೆ ವೈದ್ಯರು ಬಿಡಿಸಿ ಹೇಳಿದ ದಿನ ನನಗೆ ಸಮಾಧಾನವಾಯಿತು. ಅದಕ್ಕೇ ಇದನ್ನು ನಿಮಗೆ ಮೊದಲು ಹೇಳುತ್ತಿದ್ದೇನೆ.

ಆ ನಂತರ ಮೀನಖಂಡಕ್ಕೆ, ಸೆಟೆತ ಕಡಿಮೆ ಮಾಡುವ ಬೊಟುಲಿನಮ್ ಇಂಜೆಕ್ಷನ್ ಕೊಟ್ಟು, ವಾರಕ್ಕೊಮ್ಮೆ ಬದಲಾಯಿಸುತ್ತ ಮೂರು ವಾರ ಪ್ಲಾಸ್ಟರ್ ಹಾಕಿದರು. ಪ್ರತಿ ಸಲವೂ ಪಾದವನ್ನು ಸ್ವಲ್ಪಸ್ವಲ್ಪವೇ ಮೇಲಕ್ಕೆ ತಂದರು. ಆಮೇಲೆ ಅಳತೆ ತೆಗೆದು, ಕಣಕಾಲು ಮತ್ತು ಪಾದವನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಎ.ಎಫ್.ಓ. ಸ್ಪ್ಲಿಂಟ್ ಮಾಡಿಸಿದೆವು. ಇಂಜೆಕ್ಷನ್ನಿನ ಪರಿಣಾಮ ಕೆಲವು ತಿಂಗಳು ಮಾತ್ರ ಇರುವುದರಿಂದ ಆ ತಿಂಗಳುಗಳಲ್ಲಿ ನಿಲ್ಲುವುದನ್ನೂ ನಡೆಯುವುದನ್ನೂ ಹೆಚ್ಚು ಮಾಡಿಸಬೇಕು ಎಂದರು. ನಮ್ಮ ಬಡಗಿಯಿಂದ ಎದೆಮಟ್ಟದ ಮೇಜಿರುವ ಸ್ಟ್ಯಾಂಡಿಂಗ್ ಫ್ರೇಮ್ ಮಾಡಿಸಿದೆ. ಸ್ಪ್ಲಿಂಟ್ ಹಾಕಿಸಿ ಅದರಲ್ಲಿ ನಿಲ್ಲಿಸಿದರೆ ಮುಕ್ಕಾಲು ಗಂಟೆ ನನ್ನ ಜೊತೆ ಅವರೆಕಾಯಿ ಸುಲಿಯುತ್ತಿದ್ದಳು, ಚಿತ್ರ ಬರೆಯುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮೈಯ ಭಾರವೇ ಮೀನಖಂಡವನ್ನು ಹಿಗ್ಗಿಸುತ್ತಿತ್ತು, ಯಾರೂ ಎಳೆಯಬೇಕಾಗಿರಲಿಲ್ಲ, ಅವಳು ಅಳುತ್ತಲೂ ಇರಲಿಲ್ಲ.

ಹಿಡಿಯುವ ಕ್ರಮದಲ್ಲಿ ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡಬೇಡಿ. ನಾನು ಬೆರಳುಗಳ ಬುಡವನ್ನು ಹಿಡಿದು ಪಾದವನ್ನು ಮೇಲಕ್ಕೆ ಒತ್ತುತ್ತಿದ್ದೆ. ಆಗ ಬಾಗುವುದು ಕಣಕಾಲಿನ ಕೀಲಲ್ಲ, ಪಾದದ ನಡುಭಾಗ. ಹೊರಗಿನಿಂದ ನೋಡಿದರೆ ಹಿಮ್ಮಡಿ ನೆಲಕ್ಕೆ ತಾಗಿದಂತೆಯೇ ಕಾಣುತ್ತದೆ, ಒಳಗೆ ಪಾದದ ಕಮಾನು ಕುಸಿಯುತ್ತಿರುತ್ತದೆ. ಹಿಮ್ಮಡಿಯನ್ನು ಅಂಗೈಯಲ್ಲಿ ತುಂಬಿಕೊಂಡು, ಅಂಗಾಲನ್ನು ನಮ್ಮ ಮುಂಗೈಗೆ ಒರಗಿಸಿ, ಹಿಮ್ಮಡಿಯನ್ನು ಮೊದಲು ಕೆಳಕ್ಕೆ ಸೆಳೆದು ಆಮೇಲೆ ನಿಧಾನವಾಗಿ ಪಾದವನ್ನು ಬಾಗಿಸಬೇಕೆಂದು ಎರಡನೆಯ ಫಿಸಿಯೋಥೆರಪಿಸ್ಟ್ ನನ್ನ ಕೈ ಹಿಡಿದು ತೋರಿಸಿಕೊಟ್ಟರು. ನೀವೂ ಬರಿಯ ಹಾಳೆಯಲ್ಲಿ ಬರೆದುಕೊಟ್ಟದ್ದನ್ನು ನಂಬಿ ಮಾಡಬೇಡಿ, ಅವರ ಎದುರಿನಲ್ಲೇ ಮಾಡಿ ತೋರಿಸಿ ತಿದ್ದಿಸಿಕೊಳ್ಳಿ.

ಧಾರವಾಡದಿಂದ, ಮಕ್ಕಳ ಫಿಸಿಯೋಥೆರಪಿಸ್ಟ್

ಹದಿನೇಳು ವರ್ಷಗಳಿಂದ ಈ ಮಕ್ಕಳೊಡನೆ ಕೆಲಸ ಮಾಡುತ್ತಿದ್ದೇನೆ. ಕೈಯಿಂದ ಎಳೆಯುವ ಸ್ಟ್ರೆಚಿಂಗ್ ಒಂದರಿಂದಲೇ ನಡಿಗೆ ಸುಧಾರಿಸುತ್ತದೆ ಎಂದು ನಾನೂ ಮೊದಲ ವರ್ಷಗಳಲ್ಲಿ ತಂದೆತಾಯಿಯರಿಗೆ ಹೇಳಿದ್ದೇನೆ, ಈಗ ಹೇಳುವುದಿಲ್ಲ.

ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಮಿದುಳಿನ ದ್ರವಕೋಶಗಳ ಪಕ್ಕದ ಬಿಳಿಭಾಗಕ್ಕೆ ಹಾನಿಯಾಗುವುದುಂಟು. ಕಾಲುಗಳಿಗೆ ಹೋಗುವ ತಂತುಗಳು ಆ ಕೋಶಗಳಿಗೆ ಅತಿ ಸಮೀಪದಲ್ಲಿ ಹಾದುಹೋಗುವುದರಿಂದ ಕೈಗಳಿಗಿಂತ ಕಾಲುಗಳಲ್ಲಿ ಸೆಟೆತ ಹೆಚ್ಚು. ಆದ್ದರಿಂದ ಅತ್ತೆಯವರು ಹೇಳುವಂತೆ ಎಳೆದು ಸಡಿಲಗೊಳಿಸಬಹುದಾದ ನರವೊಂದು ಕಾಲಿನಲ್ಲಿ ಇಲ್ಲ. ಸೆಟೆತವಿರುವ ಸ್ನಾಯುವನ್ನು ರಭಸದಿಂದ ಎಳೆದರೆ ಅದು ಪ್ರತಿಯಾಗಿ ಇನ್ನಷ್ಟು ಬಿಗಿಯುತ್ತದೆ, ನಿಧಾನವಾಗಿ ಎಳೆದರೆ ಕಡಿಮೆ ಬಿಗಿಯುತ್ತದೆ. ಸ್ವತಃ ನಿಲ್ಲಲಾರದ ಮಕ್ಕಳಲ್ಲಿ ಮೂಳೆಗಳು ದುರ್ಬಲವಾಗಿರುತ್ತವೆ. ಅಂಥವರ ಕಾಲನ್ನು ಬಲವಾಗಿ ಎಳೆದರೆ ಮೂಳೆ ಮುರಿಯುವ ಅಪಾಯವೂ ಇದೆ. ಹದವಾದ ಬಿಸಿನೀರಿನ ಸ್ನಾನಕ್ಕೆ, ಮೃದುವಾಗಿ ಎಣ್ಣೆ ಸವರುವುದಕ್ಕೆ ನನ್ನ ಅಡ್ಡಿಯಿಲ್ಲ, ಮಗುವಿಗೆ ಹಿತವೆನಿಸಿದರೆ ಅತ್ತೆಯವರು ಅದನ್ನು ಸಂತೋಷವಾಗಿ ಮಾಡಲಿ.

ಇನ್ನು ಸಮಯದ ಲೆಕ್ಕ. ಮೀನಖಂಡದ ಒಳಸ್ನಾಯುವಾದ ಸೋಲಿಯಸ್ ಕುಗ್ಗದಂತಿರಲು ದಿನಕ್ಕೆ ಎಷ್ಟು ಹೊತ್ತು ಅದನ್ನು ಹಿಗ್ಗಿಸಿಡಬೇಕು ಎಂಬುದನ್ನು ತಾರ್ದಿಯೂ ಮತ್ತು ಸಂಗಡಿಗರು ಸಿ.ಪಿ. ಮಕ್ಕಳಲ್ಲಿಯೇ ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದರು. ಕನಿಷ್ಠ 6 ಗಂಟೆ ಹಿಗ್ಗಿದ್ದ ಮಕ್ಕಳಲ್ಲಿ ಕುಗ್ಗುವಿಕೆ ಮುಂದುವರಿಯಲಿಲ್ಲ, 2 ಗಂಟೆಯಷ್ಟು ಮಾತ್ರ ಹಿಗ್ಗಿದ್ದವರಲ್ಲಿ ಮುಂದುವರಿಯಿತು. ಅಧ್ಯಯನ ಚಿಕ್ಕದಾದರೂ ಅದರ ಪಾಠ ಸ್ಪಷ್ಟವಾಗಿದೆ: 6 ಗಂಟೆಯ ಕೆಲಸವನ್ನು ಯಾವ ತಾಯಿಯ ಕೈಯೂ ಮಾಡಲಾರದು, ಸ್ಪ್ಲಿಂಟ್, ನಿಲ್ಲುವ ಚೌಕಟ್ಟು, ಕೂರುವ ಮತ್ತು ಮಲಗುವ ಭಂಗಿಗಳು ಸೇರಿ ಮಾಡಬೇಕು. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯ 2017ರ ಪರಿಶೀಲನೆಯು 49 ಅಧ್ಯಯನಗಳ 2,135 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿತು. ನರಸಂಬಂಧಿ ತೊಂದರೆಯಿರುವವರಲ್ಲಿ ಏಳು ತಿಂಗಳಿಗಿಂತ ಕಡಿಮೆ ಅವಧಿಯ ಸ್ಟ್ರೆಚಿಂಗ್‌ನಿಂದ ಕೀಲಿನ ಚಲನೆಯಲ್ಲಿ ಹೇಳಿಕೊಳ್ಳುವಂಥ ಹೆಚ್ಚಳ ಕಾಣಲಿಲ್ಲ. ಅದರಲ್ಲಿ ಪಾರ್ಶ್ವವಾಯುವಾದ ದೊಡ್ಡವರೂ ಸೇರಿದ್ದಾರೆ, ವರ್ಷಗಟ್ಟಲೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅದು ಉತ್ತರವಲ್ಲ. ಹಾಗಿದ್ದರೂ ಮಗುವನ್ನು ದಿನವೂ ಅಳಿಸಿ ಎಳೆಯುವುದಕ್ಕೆ ಅದರಿಂದ ಯಾವ ಸಮರ್ಥನೆಯೂ ಸಿಗುವುದಿಲ್ಲ.

ಹಾಗಾದರೆ ನಡಿಗೆ ಯಾವುದರಿಂದ ಸುಧಾರಿಸುತ್ತದೆ? ನಡೆಯುವುದರಿಂದ, ಏಳುವುದರಿಂದ, ಹತ್ತುವುದರಿಂದ. ಬಲ ಬರಿಸಿದರೆ ಸೆಟೆತ ಹೆಚ್ಚುತ್ತದೆ ಎಂದು ಹಿಂದೆ ಭಾವಿಸಿದ್ದರು, ಆ ಭಯ ಈಗ ಉಳಿದಿಲ್ಲ. ಈ ಮಕ್ಕಳ ಕಾಲು ಬಿಗಿಯಾಗಿರುವುದರ ಜೊತೆಗೆ ದುರ್ಬಲವೂ ಆಗಿರುತ್ತದೆ ಎಂಬುದನ್ನು ಮರೆಯಬಾರದು. ನಿಮ್ಮ ಮಗ ತಗ್ಗಾದ ಮಣೆಯ ಮೇಲೆ ಅಂಗಾಲು ಪೂರ್ತಿ ಊರಿ ಕುಳಿತು, ಎದ್ದು, ಗೋಡೆಯ ಮೇಲೆ ಒಂದು ಚಿತ್ರ ಅಂಟಿಸಿ ಮತ್ತೆ ಕೂರಲಿ. ಹತ್ತು ಸಲ ಎದ್ದರೆ ಅದೇ ವ್ಯಾಯಾಮ, ಮೀನಖಂಡಕ್ಕೆ ಅದೇ ಸ್ಟ್ರೆಚಿಂಗ್. ಗೋಡೆಯ ಬದಲು ಹಿಂದಿನಿಂದ ಆಸರೆ ಕೊಡುವ ವಾಕರ್ ಸಿಕ್ಕರೆ ಅಡ್ಡಡ್ಡ ಹೆಜ್ಜೆ ಹಾಕುವುದು ತಪ್ಪಿ ಮುಂದಕ್ಕೆ ನಡೆಯುತ್ತಾನೆ. ಕೈಯಿಂದ ಮಾಡುವುದನ್ನು ನಾನು ಪೂರ್ತಿ ಬಿಡಿಸುವುದಿಲ್ಲ. ಸ್ಪ್ಲಿಂಟ್ ಹಾಕುವ ಮೊದಲು, ನಡಿಗೆಯ ಅಭ್ಯಾಸದ ಮೊದಲು, ಮೊಣಕಾಲು ನೇರವಿಟ್ಟು ಒಮ್ಮೆ, ಬಾಗಿಸಿ ಒಮ್ಮೆ, ನೋವಾಗದ ಮಿತಿಯಲ್ಲಿ ಅರ್ಧ ನಿಮಿಷ ಹಿಡಿದು ಮೂರು ನಾಲ್ಕು ಸಲ ಮಾಡಿದರೆ ಸಾಕು. ಸೊಂಟದ ಮುಂಭಾಗಕ್ಕೆ, ಕಥೆ ಕೇಳುತ್ತ ಬೋರಲು ಮಲಗುವುದೇ ಒಳ್ಳೆಯ ಉಪಾಯ.

ಸಿ.ಪಿ. ಮಕ್ಕಳ ಚಲನೆಯ ಸಾಮರ್ಥ್ಯವನ್ನು ಐದು ಹಂತಗಳಲ್ಲಿ ಗುರುತಿಸುವ ಜಿ.ಎಂ.ಎಫ್.ಸಿ.ಎಸ್. ಎಂಬ ವರ್ಗೀಕರಣವೊಂದು 1997ರಿಂದ ಬಳಕೆಯಲ್ಲಿದೆ. ನಿಮ್ಮ ಮಗ ಯಾವ ಹಂತದಲ್ಲಿದ್ದಾನೆ ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ, ಏನನ್ನು ನಿರೀಕ್ಷಿಸಬಹುದು ಎಂಬುದು ಅದರಿಂದ ಬಹುಮಟ್ಟಿಗೆ ಗೊತ್ತಾಗುತ್ತದೆ. ತೊಡೆಗಳು ಒಳಕ್ಕೆ ಸೆಳೆಯುತ್ತಿರುವುದರಿಂದ ಸೊಂಟದ ಎಕ್ಸ್-ರೇ ತೆಗೆಸಿಲ್ಲದಿದ್ದರೆ ಅದನ್ನು ಮುಂದೂಡಬೇಡಿ. ಸೊಂಟದ ಕೀಲು ನೋವಿಲ್ಲದೆಯೇ ಜಾರುತ್ತ ಹೋಗಬಹುದು.

ಬಳ್ಳಾರಿಯಿಂದ, ಒಬ್ಬ ತಂದೆ

ನನ್ನದು ಎಚ್ಚರಿಕೆಯ ಮಾತು ಮಾತ್ರ. ನಮ್ಮ ಹುಡುಗನ ತುದಿಗಾಲು ನಡಿಗೆ ನೋಡಿ ಐದನೆಯ ವಯಸ್ಸಿನಲ್ಲೇ ಹಿಮ್ಮಡಿಯ ನಾರನ್ನು ಉದ್ದ ಮಾಡುವ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಮೊಣಕಾಲಿನ ಹಿಂದಿನ ಮತ್ತು ಸೊಂಟದ ಬಿಗಿತವನ್ನು ಆಗ ಯಾರೂ ಅಳೆಯಲಿಲ್ಲ. ಎರಡು ವರ್ಷ ಹಿಮ್ಮಡಿ ಊರಿ ಚೆನ್ನಾಗಿ ನಡೆದ. ಬೆಳೆಯುತ್ತಾ ಮೀನಖಂಡ ನಿಲ್ಲುವಾಗ ಬೇಕಾದ ಬಲ ಕೊಡಲಾರದೆ ಮೊಣಕಾಲು ಬಾಗಿಸಿ ಕುಕ್ಕರಿಸಿದಂತೆ ನಡೆಯತೊಡಗಿದ. ಈಗ ಹಲವು ಕೀಲುಗಳಿಗೆ ಒಟ್ಟಿಗೇ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಯ ಯೋಚನೆ ನಡೆದಿದೆ. ಸ್ಟ್ರೆಚಿಂಗ್‌ನಿಂದ ಆಗಲಿಲ್ಲವೆಂದು ಬೇಸರಪಟ್ಟು ನೇರವಾಗಿ ಅಲ್ಲಿಗೆ ಹೋಗಬೇಡಿ. ನಡಿಗೆಯ ವಿಡಿಯೊವನ್ನು ಮುಂದಿನಿಂದಲೂ ಪಕ್ಕದಿಂದಲೂ ಆರು ತಿಂಗಳಿಗೊಮ್ಮೆ ತೆಗೆದಿಡಿ, ಎರಡನೆಯ ವೈದ್ಯರ ಅಭಿಪ್ರಾಯ ಕೇಳುವಾಗ ಅದು ನಮ್ಮ ಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೈಸೂರಿನಿಂದ, ಸಿ.ಪಿ. ಇರುವ ಇಪ್ಪತ್ತಾರು ವರ್ಷದ ಯುವಕ

ತಾಯಿಯವರೇ, ಆ ಚಾಪೆಯ ಮೇಲೆ ಮಲಗಿದ್ದವನ ಕಡೆಯಿಂದ ಎರಡು ಮಾತು ಹೇಳುತ್ತೇನೆ. ನನ್ನ ಕಾಲು ಎಳೆಯುತ್ತಿದ್ದವರು ನನ್ನ ತಂದೆ. ಅವರು ನನಗಾಗಿ ಎಷ್ಟು ಕಷ್ಟಪಟ್ಟರು ಎಂಬುದು ಈಗ ತಿಳಿಯುತ್ತದೆ. ಆದರೆ ಅವರು ಕೆಲಸದಿಂದ ಮನೆಗೆ ಬರುವ ಹೊತ್ತೆಂದರೆ ನನಗೆ ನೋವಿನ ಹೊತ್ತಾಗಿತ್ತು, ಆ ನೆನಪನ್ನು ಅಳಿಸಲು ನನಗೂ ಅವರಿಗೂ ಬಹಳ ವರ್ಷ ಹಿಡಿಯಿತು. ನಿಲ್ಲಿಸು ಎಂದಾಗ ನಿಲ್ಲಿಸುವ ಒಂದು ಒಪ್ಪಂದ ಇದ್ದಿದ್ದರೆ ನಾನು ಬಹುಶಃ ಇನ್ನೂ ಸ್ವಲ್ಪ ಹೊತ್ತು ಸಹಿಸುತ್ತಿದ್ದೆ. ನಿಮ್ಮ ಮಗನಿಗೆ ಎಣಿಸಲು ಬರುತ್ತಿದ್ದರೆ ಅವನೇ ಗಟ್ಟಿಯಾಗಿ ಎಣಿಸಲಿ, ಇಪ್ಪತ್ತಾದ ತಕ್ಷಣ ಕೈ ಬಿಡಿ.

ನಾನು ಈಗಲೂ ಸ್ಟ್ರೆಚಿಂಗ್ ಮಾಡುತ್ತೇನೆ, ನಾನೇ ಮಾಡಿಕೊಳ್ಳುತ್ತೇನೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಅದರಿಂದ ಕಡಿಮೆಯಾಗುತ್ತದೆ, ಮರುದಿನ ಬಸ್ಸಿನ ಮೆಟ್ಟಿಲು ಹತ್ತುವಾಗ ಹಗುರವೆನಿಸುತ್ತದೆ. ನನ್ನ ನಡಿಗೆ ಹದಿನಾರನೆಯ ವಯಸ್ಸಿನಲ್ಲಿ ಹೇಗಿತ್ತೋ ಈಗಲೂ ಹೆಚ್ಚುಕಡಿಮೆ ಹಾಗೆಯೇ ಇದೆ, ನನಗೆ ಅಷ್ಟು ಸಾಕು.

ಒಂದು ಉಪಯುಕ್ತ ವಿಷಯ: ನಿಮ್ಮ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕಂಡು ಯು.ಡಿ.ಐ.ಡಿ. ಕಾರ್ಡಿಗೆ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಅದರಲ್ಲಿ ಥೆರಪಿಯ ಖರ್ಚಿಗೂ ಒಂದು ಪಾಲಿದೆ. ಮಗ ಶಾಲೆಗೆ ಸೇರುವ ವರ್ಷ ತಾಲ್ಲೂಕಿನ ಬಿ.ಆರ್.ಸಿ. ಕೇಂದ್ರದಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯವಿರುವ ಮಕ್ಕಳನ್ನು ನೋಡಿಕೊಳ್ಳುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕೇಳಿ. ಫಿಸಿಯೋಥೆರಪಿ ಯಾವ ದಿನ ಇರುತ್ತದೆ, ಸ್ಪ್ಲಿಂಟ್ ಮತ್ತು ವಾಕರ್ ಕೊಡುವ ಶಿಬಿರ ಯಾವಾಗ ಎಂಬುದು ಅವರಿಗೆ ಗೊತ್ತಿರುತ್ತದೆ. ಸ್ಪ್ಲಿಂಟ್ ಸಿಕ್ಕ ಮೇಲೆ ಪ್ರತಿದಿನ ಅದನ್ನು ತೆಗೆದು ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಯವಾಗದಿದ್ದರೆ ಅಳತೆ ಸರಿಯಿಲ್ಲವೆಂದು ತಿಳಿದು ತಕ್ಷಣ ಸರಿಪಡಿಸಿಕೊಡಲು ಕೇಳಿ. ನನ್ನ ಮೊದಲ ಸ್ಪ್ಲಿಂಟ್ ಒತ್ತುತ್ತಿತ್ತು. ಅದನ್ನು ಯಾರಿಗೂ ಹೇಳಲು ಬಾರದೆ ಒಂದು ವರ್ಷ ಅದನ್ನು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದೆವು.